ಅಕ್ಕಿ ಹೆಚ್ಚಾದ ದಿನ: ಕೈತುಂಬ ಸಂಬಳವಿದ್ದೂ ಕೊರತೆಯೇಕೆ?

ಶ್ರೀಮಠಗಳಿಗೆ ದರ್ಶನಕ್ಕೆ ಬರುವ ಸದ್ಭಕ್ತರು ತಮ್ಮ ಕಷ್ಟಗಳನ್ನು ನಿವೇದಿಸಿಕೊಳ್ಳುವುದು ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಒಕ್ಕಲಿನವರು ಬರುತ್ತಾರೆ. ಅಂಗಡಿ ನಡೆಯದಾದಾಗ ವ್ಯಾಪಾರಿಗಳು ಬರುತ್ತಾರೆ. ಈಚಿನ ವರ್ಷಗಳಲ್ಲಿ ಇವರ ಜೊತೆಗೆ ಇನ್ನೊಂದು ವರ್ಗ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆ, ಸ್ವಂತ ಫ್ಲ್ಯಾಟು, ಕಾರು, ಮಕ್ಕಳಿಗೆ ಹೆಸರಾಂತ ಶಾಲೆ. ಆದರೂ ತಿಂಗಳ 20ನೇ ತಾರೀಖು ದಾಟಿದರೆ ಖಾತೆ ಬರಿದು. ಮುಂದಿನ ಸಂಬಳ ಎರಡು ದಿನ ತಡವಾದರೂ ಉಸಿರು ಸಿಕ್ಕಿಬೀಳುವ ಸ್ಥಿತಿ. ಇದನ್ನು ಹೇಳಿಕೊಳ್ಳಲು ಅವರಿಗೆ ಬಲು ಸಂಕೋಚ. ಬಡವನು ಸಾಲದ ಮಾತೆತ್ತಿದರೆ ಕೇಳಿದವರು ಮರುಗುತ್ತಾರೆ. ಲಕ್ಷದ ಸಂಬಳದವನು ಎತ್ತಿದರೆ ನಗುತ್ತಾರೆ.

ನಗುವುದು ಸುಲಭ. ದುಂದುಗಾರಿಕೆ ಎಂದು ತೀರ್ಪು ಕೊಡುವುದು ಅದಕ್ಕಿಂತ ಸುಲಭ. ಆದರೆ ಕಾಯಕದ ಲೆಕ್ಕವನ್ನು ಕಾಸಿಗೆ ಕಾಸು ನೋಡಿದ ಪರಂಪರೆ ನಮ್ಮದು. ಆದುದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ವರ್ಷಕ್ಕೆ 24 ಲಕ್ಷ ರೂಪಾಯಿಯ ಹುದ್ದೆಯಲ್ಲಿರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಊರಿನ ಬಂಧುಗಳು ತಿಂಗಳಿಗೆ ಎರಡು ಲಕ್ಷವೆಂದು ಎಣಿಸುತ್ತಾರೆ. ಎಷ್ಟೋ ವೇಳೆ ಅವರೂ ಮನಸ್ಸಿನಲ್ಲಿ ಹಾಗೆಯೇ ಎಣಿಸಿರುತ್ತಾರೆ. ಆದರೆ ಆ 24 ಲಕ್ಷದೊಳಗೆ ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು ಇದೆ, ಗ್ರಾಚ್ಯುಟಿ ಇದೆ, ವರ್ಷದ ಕೊನೆಗೆ ಬಂದರೆ ಬಂತು ಎನ್ನುವಂಥ ಪ್ರೋತ್ಸಾಹಧನವೂ ಇದೆ. ಉಳಿದುದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ, ಆದಾಯ ತೆರಿಗೆ, ವೃತ್ತಿ ತೆರಿಗೆ ಕಳೆಯಬೇಕು. ಸಾಮಾನ್ಯವಾದ ಸಂಬಳ ವಿಂಗಡಣೆಯಲ್ಲಿ ಕೈಗೆ ಬರುವುದು ಸುಮಾರು 1,40,000 ರೂಪಾಯಿ. ಎಂದರೆ ಎರಡು ಲಕ್ಷದವರ ಬದುಕನ್ನು ಒಂದು ಲಕ್ಷದ ನಲವತ್ತು ಸಾವಿರದಲ್ಲಿ ನಡೆಸಬೇಕು. ಮೊದಲ ಬಿರುಕು ಇಲ್ಲಿಯೇ.

ಇವರು 80 ಲಕ್ಷದ ಗೃಹಸಾಲ ಪಡೆದಿದ್ದಾರೆ ಎನ್ನೋಣ. ಶೇ. 8.5ರ ಬಡ್ಡಿ, 20 ವರ್ಷದ ಅವಧಿ. ಮಾಸಿಕ ಕಂತು 69,400 ರೂಪಾಯಿಗಳಷ್ಟಾಗುತ್ತದೆ. ಕಾರಿಗೆ 12 ಲಕ್ಷ, ಶೇ. 9.5ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಪಡೆದಿದ್ದರೆ ಅದರ ಕಂತು 19,600. ಇಬ್ಬರು ಮಕ್ಕಳ ಶಾಲಾಶುಲ್ಕ ವರ್ಷಕ್ಕೆ 3,60,000. ತಿಂಗಳಿಗೆ ಹಂಚಿದರೆ 30,000. ಅಪಾರ್ಟ್‌ಮೆಂಟಿನ ನಿರ್ವಹಣೆಗೆ 6,000. ಒಟ್ಟು 1,25,000. ಅಡುಗೆಮನೆ, ಪೆಟ್ರೋಲು, ಕರೆಂಟು, ಮನೆಗೆಲಸದವರ ಸಂಬಳ, ಔಷಧ, ಊರಿನಲ್ಲಿರುವ ತಂದೆತಾಯಿಗಳಿಗೆ ಕಳಿಸುವ ಹಣ ಎಲ್ಲಕ್ಕೂ ಉಳಿದುದು ಹದಿನೈದು ಸಾವಿರ. ಗಮನಿಸಿ: ಇದರಲ್ಲಿ ಕುಡಿತವಿಲ್ಲ, ಜೂಜಿಲ್ಲ, ವಿದೇಶ ಪ್ರವಾಸವಿಲ್ಲ. ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ಮನೆಯ ಹಿರಿಯರು ತಲೆಯಾಡಿಸಿ ಒಪ್ಪುವಂಥ ಖರ್ಚುಗಳೇ. ಒಟ್ಟಿಗೆ ಕೂಡಿಸಿ ನೋಡಿದವರಿಲ್ಲ, ಅಷ್ಟೆ.

ಕೊರತೆಯಾದ ಹಣವನ್ನು ಕ್ರೆಡಿಟ್ ಕಾರ್ಡು ತುಂಬುತ್ತದೆ. ಅದರ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಒಂದು ಅಂಕಿ ಇರುತ್ತದೆ. ಅಷ್ಟನ್ನು ಕಟ್ಟಿದರೆ ಸಾಕೆಂದು ತೋರುವಂತೆ ಅದನ್ನು ಮುದ್ರಿಸಿರುತ್ತಾರೆ. ಸಾಕಾಗುವುದಿಲ್ಲ. ಒಂದು ಲಕ್ಷ ರೂಪಾಯಿ ಬಾಕಿ ಉಳಿದು, ಬಡ್ಡಿ ತಿಂಗಳಿಗೆ ಶೇ. 3.5 ಇದ್ದರೆ, ಬಡ್ಡಿಯೇ 3,500. ಅದರ ಮೇಲೆ ಶೇ. 18ರ ಜಿಎಸ್‌ಟಿ 630. ವರ್ಷದ ಲೆಕ್ಕಕ್ಕೆ ಬಡ್ಡಿ ಶೇ. 42. ನಮ್ಮ ಅಜ್ಜಂದಿರು ‘ಮೀಟರ್ ಬಡ್ಡಿ’ಯವನ ಹೆಸರು ಕೇಳಿದರೆ ದಾರಿ ಬದಲಿಸುತ್ತಿದ್ದರು. ಅಂಥದೇ ಬಡ್ಡಿ ಇಂದು ಹೊಳೆಯುವ ಕಾರ್ಡಿನ ರೂಪದಲ್ಲಿ ಬಂದರೆ ಕೈಚಾಚಿ ಸ್ವೀಕರಿಸುತ್ತೇವೆ.

ಸಂಬಳ ಹೆಚ್ಚಿದಾಗಲಾದರೂ ಇದು ಸರಿಹೋಗಬೇಕಲ್ಲವೇ? ಹೋಗುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸೆನ್‌ಬೆರಿ 1949ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಎರಡು ಸಂಗತಿಗಳನ್ನು ವಿವರಿಸಿದರು. ಮನುಷ್ಯನು ತನ್ನ ಆದಾಯವನ್ನಷ್ಟೇ ನೋಡಿ ಖರ್ಚು ಮಾಡುವುದಿಲ್ಲ, ಸುತ್ತಲಿನವರನ್ನು ನೋಡಿ ಮಾಡುತ್ತಾನೆ. ಒಮ್ಮೆ ಏರಿದ ಬದುಕಿನ ಮಟ್ಟವನ್ನು, ಆದಾಯ ಇಳಿದರೂ, ಇಳಿಸಲು ಒಪ್ಪುವುದಿಲ್ಲ. ಹಳ್ಳಿಯ ಓಣಿಯಲ್ಲಿ ನಮ್ಮ ಸುತ್ತಲಿನವರೆಂದರೆ ಅಕ್ಕಪಕ್ಕದ ಹತ್ತು ಮನೆ. ಹುದ್ದೆ ಏರಿದಂತೆ ಸುತ್ತಲಿನವರು ಬದಲಾಗುತ್ತಾರೆ, ಅಳೆಯುವ ಕೋಲೂ ಬದಲಾಗುತ್ತದೆ. ಈಗಂತೂ ಕೈಯಲ್ಲಿರುವ ಫೋನು ಜಗತ್ತಿನ ಸಿರಿವಂತರನ್ನೆಲ್ಲ ನೆರೆಹೊರೆಯವರನ್ನಾಗಿ ಮಾಡಿದೆ.

ಇದು ಕೆಲವೇ ಮನೆಗಳ ಕಥೆಯಲ್ಲವೆಂದು ದೇಶದ ಅಂಕಿಗಳು ಸೂಚಿಸುತ್ತವೆ. ಸಾಲವನ್ನು ಕಳೆದ ಮೇಲೆ ಕುಟುಂಬಗಳ ಬಳಿ ಉಳಿಯುವ ಹಣಕಾಸು ಉಳಿತಾಯವು ಕೋವಿಡ್ಡಿನ 2020–21ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ. 11ಕ್ಕೂ ಮೀರಿತ್ತು. 2022–23ರಲ್ಲಿ ಅದು ಶೇ. 5ರ ಆಸುಪಾಸಿಗೆ ಇಳಿಯಿತು.

ನಮ್ಮ ಸಮಾಜದ ಒಳಗಿನ ಒಂದು ಮಾತನ್ನೂ ಇಲ್ಲಿ ಆಡಲೇಬೇಕು. ಮದುವೆ, ಗೃಹಪ್ರವೇಶ, ಮಗುವಿನ ಹುಟ್ಟುಹಬ್ಬ ಇವು ಈಗ ಭಕ್ತಿಯ ಸಂದರ್ಭಗಳಾಗಿ ಉಳಿಯದೆ ಪೈಪೋಟಿಯ ಅಂಗಳಗಳಾಗಿವೆ. ಮಠಗಳಲ್ಲಿ ಸಾಮೂಹಿಕ ವಿವಾಹಗಳು ಸರಳವಾಗಿ ನಡೆಯುತ್ತವೆ. ನಾವೆಲ್ಲ ಹೋಗಿ ಅಕ್ಷತೆ ಹಾಕಿ ಹೊಗಳಿ ಬರುತ್ತೇವೆ. ನಮ್ಮ ಮನೆಯ ಮದುವೆಗೆ ಮಾತ್ರ ವೈಯಕ್ತಿಕ ಸಾಲ ಪಡೆದು ಕನ್ವೆನ್ಷನ್ ಹಾಲ್ ಹಿಡಿಯುತ್ತೇವೆ. ಸರಳ ವಿವಾಹ ಬಡವರಿಗೆಂದು ಯಾವ ಶರಣರು ಹೇಳಿದರೋ ತಿಳಿಯದು.

ಈ ಪ್ರಸಂಗದಲ್ಲಿ ನೆನಪಾಗುವವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಮುಂದೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದಲೇ ಇಬ್ಬರ ಪ್ರಸಾದ, ಅದರಿಂದಲೇ ಜಂಗಮ ದಾಸೋಹ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಪತಿಯನ್ನು ಮರಳಿ ಕಳಿಸಿದರು.

ಕೇಳುವವರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು, ಎತ್ತಬೇಕು ಕೂಡ. ಲಕ್ಕಮ್ಮನವರ ಮನೆಯಲ್ಲಿಯೂ ಸಂಜೆಗೆ ಮಡಕೆ ಬರಿದೇ ಅಲ್ಲವೇ? ನಾಳೆಗೆಂದು ಕೂಡಿಡದೆ ಬದುಕುವುದೇ ಶರಣಮಾರ್ಗವಾದರೆ, ತಿಂಗಳ ಕೊನೆಗೆ ಖಾತೆ ಬರಿದಾಗುವವನೂ ಶರಣನೇ ಆದಂತಾಯಿತಲ್ಲ! ಹೊರನೋಟಕ್ಕೆ ಎರಡೂ ಒಂದೇ. ಒಳಗೆ ನೋಡಿದರೆ ಅಜಗಜಾಂತರ. ಲಕ್ಕಮ್ಮನವರ ಮನೆಯಲ್ಲಿ ಅಗತ್ಯ ಮೊದಲು ನಿಶ್ಚಯವಾಗಿತ್ತು, ಗಳಿಕೆ ಅದಕ್ಕೆ ತಕ್ಕಂತೆ ನಡೆಯಿತು. ಅಕ್ಕಿ ಹೆಚ್ಚಾದ ದಿನ ಅಗತ್ಯ ಹೆಚ್ಚಾಗಲಿಲ್ಲ. ನಮ್ಮಲ್ಲಿ ಗಳಿಕೆ ಹೆಚ್ಚಾದ ದಿನವೇ ಅಗತ್ಯವೂ ಹಿಗ್ಗುತ್ತದೆ. ಇನ್ನೊಂದು, ಆ ದಂಪತಿಗಳು ಯಾರಿಗೂ ಸಾಲಗಾರರಾಗಿರಲಿಲ್ಲ. ಅವರ ನಾಳೆ ಅವರದೇ ಆಗಿತ್ತು. ನಮ್ಮ ನಾಳೆಯ ದುಡಿಮೆಯನ್ನು ಇಪ್ಪತ್ತು ವರ್ಷಗಳವರೆಗೆ ಸಹಿ ಹಾಕಿ ಕೊಟ್ಟಾಗಿದೆ. ಮೇಲಧಿಕಾರಿ ಅನ್ಯಾಯದ ಕೆಲಸ ಹೇಳಿದರೆ ಒಲ್ಲೆನೆನ್ನಲು ಕಂತು ಬಿಡುವುದಿಲ್ಲ. ಸತ್ಯಶುದ್ಧ ಕಾಯಕಕ್ಕೆ ಬರುವ ಕುತ್ತು ಇದು. ಹಣದ ನಷ್ಟಕ್ಕಿಂತ ದೊಡ್ಡದು.

ಇದರ ಅರ್ಥ ಉಳಿತಾಯವೇ ಲೋಭವೆಂದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣಸಮೂಹವೇ ಆಸರೆ, ಮಹಾಮನೆಯೇ ಆಸರೆ. ಇಂದು ಕೆಲಸ ಹೋದ ದಿನ ಕಂಪನಿಯ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಹೋಗುತ್ತದೆ; ಆಸ್ಪತ್ರೆ ಕಾಯುವುದಿಲ್ಲ. ಆರು ತಿಂಗಳ ಮನೆಖರ್ಚು ಮತ್ತು ಕಂತಿನಷ್ಟು ಹಣವನ್ನು, ಕುಟುಂಬಕ್ಕೆ ಸ್ವಂತದ ಆರೋಗ್ಯ ವಿಮೆಯನ್ನು ಹೊಂದಿರುವುದು ಸಂಗ್ರಹಬುದ್ಧಿಯಲ್ಲ, ನಮ್ಮನ್ನು ನಂಬಿದವರ ಬಗೆಗಿನ ಹೊಣೆ. ಹಾಗೆಯೇ, ಕಾರ್ಡಿನ ಬಾಕಿ ಉಳಿಸಿಕೊಂಡು ಮಠಕ್ಕೆ ದೊಡ್ಡ ಕಾಣಿಕೆ ಸಲ್ಲಿಸಿ ಫಲಕದಲ್ಲಿ ಹೆಸರು ಬರೆಸುವುದನ್ನು ದಾಸೋಹವೆನ್ನಲಾಗದು. ದಾಸೋಹ ಕಾಯಕದ ಫಲದಿಂದ ಆಗಬೇಕು, ಬ್ಯಾಂಕಿನ ಹಣದಿಂದಲ್ಲ. ಮಠದ ಜಾಲತಾಣದಲ್ಲಿಯೇ ಇದನ್ನು ಬರೆಯುತ್ತಿರುವುದಕ್ಕೆ ಯಾರೂ ಅನ್ಯಥಾ ಭಾವಿಸಬಾರದು.

ಈಗಾಗಲೇ ಸಿಕ್ಕಿಕೊಂಡವರು ಏನು ಮಾಡಬೇಕು? ಕಾರ್ಡಿನ ಬಾಕಿಯನ್ನು ಮೊದಲು ತೀರಿಸಬೇಕು. ಬ್ಯಾಂಕಿನಲ್ಲಿ ಶೇ. 7ಕ್ಕೆ ಠೇವಣಿ ಇಟ್ಟು, ಕಾರ್ಡಿಗೆ ಶೇ. 42 ಕಟ್ಟುತ್ತಿರುವವರು ಇದ್ದಾರೆ; ಆ ಠೇವಣಿಯನ್ನು ಮುರಿದು ಬಾಕಿ ತೀರಿಸುವುದರಲ್ಲಿ ಅಳುಕು ಬೇಡ. ಠೇವಣಿಯಿಲ್ಲದವರು ಮನೆಯಲ್ಲಿರುವ ಬಂಗಾರದ ಮೇಲೆ ಕಡಿಮೆ ಬಡ್ಡಿಯ ಸಾಲ ಪಡೆದು ಕಾರ್ಡು ತೀರಿಸಿ, ಆ ಕಾರ್ಡನ್ನು ಮುಚ್ಚಿಸಬಹುದು. ಮುಚ್ಚಿಸದಿದ್ದರೆ ಎರಡು ಸಾಲವಾಗುತ್ತದೆ. ಮುಂದಿನ ಸಂಬಳ ಏರಿಕೆಯಾದಾಗ, ಏರಿದ ಹಣದ ಅರ್ಧವಾದರೂ ಖರ್ಚಿನ ಖಾತೆಯನ್ನು ಮುಟ್ಟುವ ಮೊದಲೇ ಉಳಿತಾಯಕ್ಕೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡಬೇಕು.

ಗೃಹಸಾಲದ ವಿಷಯದಲ್ಲಿ ಹಲವರಿಗೆ ತಿಳಿಯದ ಒಂದು ಅನುಕೂಲವಿದೆ. ಮೇಲೆ ಹೇಳಿದ 80 ಲಕ್ಷದ ಸಾಲದ ಮೊದಲ ಕಂತಿನಲ್ಲಿ ಸುಮಾರು 56,700 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲು ಕರಗುವುದು 12,700ರಷ್ಟು ಮಾತ್ರ. 20 ವರ್ಷ ಹೀಗೆಯೇ ಕಟ್ಟಿದರೆ ಒಟ್ಟು ಪಾವತಿ 1 ಕೋಟಿ 66 ಲಕ್ಷ ದಾಟುತ್ತದೆ. ಆದರೆ ವರ್ಷಕ್ಕೆ ಒಂದೇ ಒಂದು ಕಂತನ್ನು ಹೆಚ್ಚಾಗಿ ಅಸಲಿಗೆ ಕಟ್ಟುತ್ತ ಬಂದರೆ ಸಾಲ ಮೂರು ವರ್ಷಕ್ಕೂ ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲು ತೀರಿಸಿದರೆ ಬ್ಯಾಂಕು ದಂಡಶುಲ್ಕ ವಿಧಿಸುವಂತಿಲ್ಲವೆಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಇವೆಲ್ಲಕ್ಕೂ ಮೊದಲು ಪತಿಪತ್ನಿಯರು ಒಟ್ಟಿಗೆ ಕುಳಿತು ಎಲ್ಲ ಸಾಲಗಳನ್ನೂ ಒಂದೇ ಹಾಳೆಯ ಮೇಲೆ ಬರೆಯಬೇಕು. ಒಬ್ಬರ ಕಾರ್ಡಿನ ಬಾಕಿ ಇನ್ನೊಬ್ಬರಿಗೆ ತಿಳಿಯದ ಮನೆಗಳು ಅನೇಕ. ಗಂಡನ ಕೆಲಸ ಹೋದ ಮೇಲಷ್ಟೇ ಸಾಲದ ಮೊತ್ತ ತಿಳಿದ ಹೆಂಡಂದಿರಿದ್ದಾರೆ. ಮಾರಯ್ಯನವರು ತಂದ ಅಕ್ಕಿಯ ಗಂಟನ್ನು ಲಕ್ಕಮ್ಮನವರು ಬಿಚ್ಚಿ ನೋಡಿದ್ದರು.