ತೂಕ ಇಳಿಸಿದ ಬಗೆಯನ್ನು ಊರಿಗೆಲ್ಲ ಹೇಳಬೇಕೇ?

ದಾವಣಗೆರೆಯಲ್ಲಿ ಒಬ್ಬರು ಹತ್ತು ಕಿಲೋ ಇಳಿದರೆ ಅದು ಅವರೊಬ್ಬರ ವಿಷಯವಾಗಿ ಉಳಿಯುವುದಿಲ್ಲ. ಕುಂದುವಾಡ ಕೆರೆ ಏರಿಯ ಮೇಲೆ ವಾಕಿಂಗ್‌ಗೆ ಬಂದವರು, ಹರಿಹರದ ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕ ನೆಂಟರು ಎಲ್ಲರೂ ಕೇಳುತ್ತಾರೆ: "ಏನ್ರೀ, ಭಾಳ ಇಳಿದ್ಬಿಟ್ಟೀರಲ್ಲ, ಶುಗರ್ ಏನಾರ ಬಂತಾ?" ಇಲ್ಲ ಎಂದರೆ "ಡಯಟ್ಟಾ, ಜಿಮ್ಮಾ?" ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಇಂಜೆಕ್ಷನ್ ತಗೊಂಡ್ರಾ?" ಉತ್ತರ ಸಿಕ್ಕ ಕೂಡಲೇ ತೀರ್ಪೂ ಹೊರಬೀಳುತ್ತದೆ. ನಡೆದು, ಊಟ ಬಿಟ್ಟು ಇಳಿಸಿದವರು ಛಲಗಾರರು. ಔಷಧಿಯಿಂದ ಇಳಿಸಿದವರು ಅಡ್ಡದಾರಿ ಹಿಡಿದವರು. ಈ ತೀರ್ಪಿಗೆ ವಿಜ್ಞಾನದ ಆಧಾರವಿಲ್ಲ. ಅಷ್ಟೇ ಅಲ್ಲ, ಅದು ಜನರ ಆರೋಗ್ಯಕ್ಕೇ ಕುತ್ತು ತರುತ್ತಿದೆ.

ಹಸಿವು ಯಾರ ಕೈಯಲ್ಲಿದೆ?

ತೂಕವೆಂದರೆ ಬಾಯಿ ಕಟ್ಟುವ ಮನಸ್ಸಿನ ಗಟ್ಟಿತನ ಮಾತ್ರ ಎಂದು ನಾವು ನಂಬಿಕೊಂಡು ಬಂದಿದ್ದೇವೆ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆ ಮಾಡಿದಾಗ ಆ ನಂಬಿಕೆ ಅಲುಗಾಡಿತು. ಲೆಪ್ಟಿನ್ ಹುಟ್ಟುವುದು ಕೊಬ್ಬಿನ ಕೋಶಗಳಲ್ಲಿ. ಮೈಯಲ್ಲಿ ಎಷ್ಟು ಕೊಬ್ಬು ಶೇಖರವಾಗಿದೆ ಎಂಬುದನ್ನು ಅದು ಮಿದುಳಿನ ಹೈಪೊಥಲಾಮಸ್ಸಿಗೆ ತಿಳಿಸುತ್ತದೆ. ತೂಕ ಇಳಿದರೆ ಲೆಪ್ಟಿನ್ ಕುಸಿಯುತ್ತದೆ, ಹಸಿವೆ ಹೆಚ್ಚಿಸುವ ಘ್ರೆಲಿನ್ ಏರುತ್ತದೆ. ಬರಗಾಲ ಬಂತೆಂದು ಬಗೆದ ದೇಹ ಕಳೆದುಕೊಂಡದ್ದನ್ನು ಮರಳಿ ಗಳಿಸಲು ಹೊರಡುತ್ತದೆ.

ಈ ಹೋರಾಟ ನಾಲ್ಕು ದಿನದಲ್ಲಿ ಮುಗಿಯುವುದಿಲ್ಲ. ಪಥ್ಯದಿಂದ ತೂಕ ಇಳಿಸಿದವರನ್ನು ಆಸ್ಟ್ರೇಲಿಯಾದ ಸಂಶೋಧಕರು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು: ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಮಂದಿಯನ್ನು ಕೆವಿನ್ ಹಾಲ್ ತಂಡ ಆರು ವರ್ಷಗಳ ನಂತರ ನೋಡಿತು. ಹೆಚ್ಚಿನವರ ತೂಕ ಬಹುಪಾಲು ಮರಳಿತ್ತು. ಸುಮ್ಮನೆ ಕೂತಾಗ ಅವರ ದೇಹ ಸುಡುತ್ತಿದ್ದ ಶಕ್ತಿ, ಆ ತೂಕದವರಲ್ಲಿ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಇತ್ತು. ಇವರ್ಯಾರೂ ಸೋಮಾರಿಗಳಾಗಿರಲಿಲ್ಲ.

ಕಣ್ಣಳತೆಯೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ ಶೇಕಡ 21.2. ಭಾರತೀಯರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು. ಅದಕ್ಕೇ ನಮ್ಮಲ್ಲಿ ಬಿಎಂಐ 23 ದಾಟಿದರೆ ಎಚ್ಚರಿಕೆ ಬೇಕು. ಯಾರಿಗೆ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂಬುದನ್ನು ದಾರಿಯಲ್ಲಿ ಎದುರಾದವರು ನೋಡಿ ಹೇಳಲು ಸಾಧ್ಯವಿಲ್ಲ.

ಇಂಜೆಕ್ಷನ್ ಮಾಡುವ ಕೆಲಸ

ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಸುರಿಸುತ್ತದೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, 'ಸಾಕು' ಎಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುತ್ತದೆ. ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನೇ ಹೋಲುವ ಸೆಮಾಗ್ಲುಟೈಡ್ ವಾರಕ್ಕೊಂದು ಚುಚ್ಚುಮದ್ದು ಸಾಕೆನ್ನುವಷ್ಟು ಕಾಲ ನಿಲ್ಲುತ್ತದೆ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇದನ್ನು ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇಕಡ 14.9ರಷ್ಟು ಇಳಿಯಿತು, ಬರೀ ಪಥ್ಯ, ವ್ಯಾಯಾಮ ಮಾಡಿದವರಲ್ಲಿ ಇಳಿದದ್ದು ಶೇಕಡ 2.4. ಇದೇ ಬಗೆಯ ಇನ್ನೊಂದು ಔಷಧಿ ಟಿರ್ಜೆಪಟೈಡ್ ಇರುವ 'ಮೌಂಜಾರೊ' 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ ಇರುವ 'ವೆಗೊವಿ' ಅದೇ ವರ್ಷ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು.

ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತೆಂಬುದೂ 2021ರ ಆ ಪ್ರಯೋಗದ ಮುಂದುವರಿಕೆಯಲ್ಲಿ ಕಂಡಿದೆ. 'ನೋಡಿ, ಸುಲಭದ ದಾರಿ ಬಾಳಲಿಲ್ಲ' ಎನ್ನುವವರಿಗೆ ಒಂದು ಮಾತು: ಮಾತ್ರೆ ನಿಲ್ಲಿಸಿದರೆ ಬಿಪಿಯೂ ಏರುತ್ತದೆ. ಬಿಪಿ ಮಾತ್ರೆ ನುಂಗುವವರನ್ನು ನಾವು ಹಂಗಿಸುವುದಿಲ್ಲ. ಇಂಜೆಕ್ಷನ್ ಸುಲಭವೂ ಅಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಕಾಡಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ ಬೇಳೆಕಾಳು, ಮೊಟ್ಟೆ, ಭಾರ ಎತ್ತುವ ವ್ಯಾಯಾಮ ಯಾವುದೂ ತಪ್ಪುವುದಿಲ್ಲ.

ತೀರ್ಪಿನ ಬೆಲೆ

ಔಷಧಿಯಿಂದ ತೂಕ ಇಳಿಸಿದ ಮಹಿಳೆಯನ್ನು, ಪಥ್ಯ-ವ್ಯಾಯಾಮದಿಂದ ಇಳಿಸಿದವಳಿಗಿಂತ ಜನ ಕೀಳಾಗಿ ಅಳೆಯುತ್ತಾರೆಂದು 2024ರ ಒಂದು ಅಧ್ಯಯನ ತೋರಿಸಿತು. ಹಂಗಿಸಿದರೆ ಜನ ಸುಧಾರಿಸುತ್ತಾರೆ ಎಂಬುದೂ ಸುಳ್ಳು. 2013ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿದಾಗ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದೆ ಬೊಜ್ಜಿಗೆ ಗುರಿಯಾಗುವ ಸಾಧ್ಯತೆ ಉಳಿದವರ ಎರಡೂವರೆ ಪಟ್ಟು ಇತ್ತು ಎಂದು ಕಂಡುಬಂತು.

ಹಂಗಿಸುವ ಮಾತು ಜನರನ್ನು ಗುಟ್ಟಿಗೆ ತಳ್ಳುತ್ತದೆ, ಗುಟ್ಟು ಅಪಾಯಕ್ಕೆ ಒಯ್ಯುತ್ತದೆ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಮನೆಯವರಿಗೆ ಹೇಳದೆ ಆಕೆ ಚಿಕಿತ್ಸೆಗೆ ಹೋಗಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಹಸೆಮಣೆ ಏರುವ ಮುನ್ನ ಸಣ್ಣಗಾಗು ಎಂದು ಹೆಣ್ಣುಮಕ್ಕಳನ್ನು ಒತ್ತಾಯಿಸುವವರು, ಆಮೇಲೆ 'ಹೇಗೆ ಇಳಿಸಿದೆ' ಎಂದು ತನಿಖೆ ನಡೆಸುವವರು ಈ ಸಾವನ್ನು ನೆನೆಯಬೇಕು.

ಯಾರಿಗೆ ಹೇಳಬೇಕು, ಯಾರಿಗೆ ಬೇಡ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ರೋಗಿಯ ಗುಟ್ಟು ಕಾಯುವುದು ವೈದ್ಯರ ಕರ್ತವ್ಯವೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿಯೂ ಹೇಳುತ್ತದೆ. ನೆಂಟರ ಮುಂದೆ "ಆರೋಗ್ಯ ಚೆನ್ನಾಗಿದೆ" ಎಂದಷ್ಟೇ ಹೇಳಿ ಸುಮ್ಮನಾಗುವುದು ಮೋಸವಲ್ಲ.

ವೈದ್ಯರ ಮುಂದೆ ಮಾತ್ರ ಮುಚ್ಚಿಡಬಾರದು. ಈ ಇಂಜೆಕ್ಷನ್ ಪಡೆಯುವವರ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಅರಿವಳಿಕೆ ಕೊಟ್ಟಾಗ ಒಳಗೆ ಉಳಿದ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅತಿಯಾಗಿ ಇಳಿಯಬಹುದು. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸಬಹುದು. ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದರೆ ಈ ಎರಡೂ ಔಷಧಿಗಳು ಸಲ್ಲವು. 1965ರಿಂದ ವೈದ್ಯಕೀಯ ಕಾಲೇಜಿರುವ ದಾವಣಗೆರೆಯಲ್ಲಿ ತಜ್ಞರಿಗೆ ಬರವಿಲ್ಲ. ಹರಿಹರದಿಂದ ಬರಲು ಅರ್ಧ ಗಂಟೆ ಸಾಕು. ವೈದ್ಯರ ಚೀಟಿಯಿಲ್ಲದೆ ಯಾರದೋ ಕೈಯಿಂದ ಇಂಜೆಕ್ಷನ್ ತರಿಸಿಕೊಳ್ಳುವ ಅಗತ್ಯವೇ ಇಲ್ಲ.

ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಬೇರೆ ಮಾತು. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್, ಕ್ಯಾನ್ಸರ್ ಇವುಗಳ ಸೂಚನೆ ಅದಾಗಿರಬಹುದು; ತಡಮಾಡದೆ ಪರೀಕ್ಷೆ ಮಾಡಿಸಬೇಕು. ಆಪ್ತರ ಬಗ್ಗೆ ನಿಜವಾಗಿ ಕಳವಳವಾದರೆ ಒಬ್ಬರೇ ಇರುವಾಗ "ಆರಾಮಿದ್ದೀರಾ?" ಎಂದು ಕೇಳಿ. ಉತ್ತರವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಉಳಿದದ್ದನ್ನು ಅವರಿಗೂ ಅವರ ವೈದ್ಯರಿಗೂ ಬಿಡಿ.