ಖಿನ್ನತೆ ಮನಸ್ಸಿಗಷ್ಟೇ ಅಲ್ಲ, ಹೃದಯಕ್ಕೂ ಭಾರ

ಹೃದಯಾಘಾತಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರು ಕೆಲವು ವಾರ ಮಂಕಾಗಿದ್ದರೆ ಯಾರೂ ಅದನ್ನು ದೊಡ್ಡದೆಂದು ಎಣಿಸುವುದಿಲ್ಲ. ಸಾವಿನ ಬಾಗಿಲವರೆಗೆ ಹೋಗಿ ಬಂದವರು, ದಿನ ಕಳೆದಂತೆ ಸರಿಹೋಗುತ್ತಾರೆ ಎಂಬುದು ಬಂಧುಗಳ ಸಮಾಧಾನ. ಬಹುತೇಕರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಈ ಮಂಕು ಚಿಕಿತ್ಸೆ ಬೇಡುವ ಖಿನ್ನತೆಯೇ ಆಗಿರುತ್ತದೆ.

ಇದರ ಗಾಂಭೀರ್ಯವನ್ನು ವೈದ್ಯಲೋಕಕ್ಕೆ ಮನಗಾಣಿಸಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ನಡೆಸಿ, 1993ರಲ್ಲಿ ಪ್ರಕಟಿಸಿದ ಅಧ್ಯಯನ. ಹೃದಯಾಘಾತಕ್ಕೊಳಗಾದ 222 ಮಂದಿಯನ್ನು ಅವರು ಆರು ತಿಂಗಳು ಗಮನಿಸಿದರು. ಹೃದಯದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ ಖಿನ್ನರಲ್ಲಿ ಸಾವಿನ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅಂತರ ಸುಮಾರು ಎರಡು ಪಟ್ಟಿಗೆ ಇಳಿದಿದೆ, ಅದೂ ಅಲ್ಪವೇನಲ್ಲ.

ಖಿನ್ನರು ಮಾತ್ರೆ ಮರೆಯುತ್ತಾರೆ, ನಡಿಗೆ ಬಿಡುತ್ತಾರೆ, ಸಿಗರೇಟಿಗೆ ಮರಳುತ್ತಾರೆ. ಇವು ಮುಖ್ಯ ಕಾರಣಗಳೇ. ಆದರೆ ದೇಹದೊಳಗೂ ಬೇರೊಂದು ವ್ಯಾಪಾರ ನಡೆದಿರುತ್ತದೆ.

ಆರೋಗ್ಯವಂತ ಹೃದಯ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ತುಸು ವೇಗ, ಬಿಟ್ಟಾಗ ತುಸು ನಿಧಾನ. ಈ ಏರಿಳಿತವನ್ನು ನಡೆಸುವುದು ಮಿದುಳಿನಿಂದ ಇಳಿದು ಬರುವ ವೇಗಸ್ ನರ. ಖಿನ್ನತೆಯಲ್ಲಿ ಇದರ ಹಿಡಿತ ಸಡಿಲಿ ಏರಿಳಿತ ಕುಗ್ಗುತ್ತದೆ. ಹೃದಯಾಘಾತದ ನಂತರ ಹೀಗೆ ಕುಗ್ಗಿದ ಬಡಿತ ಅಪಾಯದ ಸೂಚನೆ. ಜೊತೆಗೆ ಅನೇಕ ಖಿನ್ನರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿದ್ದು, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಬೊಜ್ಜು ಹೆಚ್ಚಲು ಅದು ಕಾರಣವಾಗುತ್ತದೆ.

ರಕ್ತದ ಪ್ಲೇಟ್‌ಲೆಟ್‌ಗಳ ಕಥೆ ಇನ್ನೂ ಕುತೂಹಲಕರ. ಚಿತ್ತಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಅನ್ನು ರಕ್ತದಲ್ಲಿ ಹೊತ್ತು ತಿರುಗುವುದು ಇವೇ. ಖಿನ್ನರಲ್ಲಿ ಇವು ಬೇಗ ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವ ತೋರುತ್ತವೆ. ಕಿರಿದಾದ ರಕ್ತನಾಳದಲ್ಲಿ ಹೆಪ್ಪುಗಟ್ಟಲು ಅಷ್ಟೇ ಸಾಕು. ಉರಿಯೂತ ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಕೂಡ ಇವರಲ್ಲಿ ಹೆಚ್ಚಿರುವುದುಂಟು. ಉರಿಯೂತ ರಕ್ತನಾಳವನ್ನೂ ಕೆಡಿಸುತ್ತದೆ, ಮನಸ್ಸನ್ನೂ ಕುಗ್ಗಿಸುತ್ತದೆ. ಹೀಗಾಗಿ ನಂಟು ಎರಡೂ ದಿಕ್ಕಿನದು.

ಹಾಗಿದ್ದರೆ ಖಿನ್ನತೆ ವಾಸಿಯಾದರೆ ಆಯುಷ್ಯ ಹೆಚ್ಚುವುದೇ? ಇಲ್ಲಿ ಅವಸರದ ಭರವಸೆ ಸಲ್ಲದು. 2003ರಲ್ಲಿ ಪ್ರಕಟವಾದ, ಸುಮಾರು 2,500 ರೋಗಿಗಳಿದ್ದ ಅಮೆರಿಕದ ಪ್ರಯೋಗದಲ್ಲಿ ಆಪ್ತ ಮನೋಚಿಕಿತ್ಸೆಯಿಂದ ಖಿನ್ನತೆ ತಗ್ಗಿತು, ಸಾವು ಮತ್ತು ಮರು ಆಘಾತ ತಗ್ಗಲಿಲ್ಲ. 2018ರಲ್ಲಿ ವರದಿಯಾದ ದಕ್ಷಿಣ ಕೊರಿಯಾದ ಪ್ರಯೋಗದಲ್ಲಿ 300 ಮಂದಿಯನ್ನು ಸುಮಾರು ಎಂಟು ವರ್ಷ ಗಮನಿಸಲಾಯಿತು. ಎಸಿಟಾಲೊಪ್ರಾಮ್ ಪಡೆದವರಲ್ಲಿ ಶೇ. 40.9, ಹುಸಿ ಮಾತ್ರೆ ಪಡೆದವರಲ್ಲಿ ಶೇ. 53.6 ಮಂದಿಗೆ ಸಾವು, ಮರು ಆಘಾತ ಅಥವಾ ಮತ್ತೆ ಸ್ಟೆಂಟ್‌ನಂಥ ಚಿಕಿತ್ಸೆ ಎದುರಾಯಿತು. ಆಶಾದಾಯಕವಾದರೂ ಇದೊಂದೇ ಅಂತಿಮ ಉತ್ತರವಾಗದು. ನೆಮ್ಮದಿ ಮರಳುವುದೇ ಚಿಕಿತ್ಸೆಗೆ ಸಾಕಾದ ಕಾರಣ.

ಎರಡು ವಾರ ಬಹುತೇಕ ದಿನ ಬೇಸರ ಆವರಿಸಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ತಿಳಿಸಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಮನೋವೈದ್ಯರ ಬಳಿಗೆ ಹೋಗುವಾಗ ಹೃದಯದ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಹಳೆಯ ಟ್ರೈಸೈಕ್ಲಿಕ್ ಬಗೆಯ ಔಷಧಗಳು ಹೃದಯದ ಲಯ ಕೆಡಿಸಬಲ್ಲವು; ಎಸಿಟಾಲೊಪ್ರಾಮ್‌ನಂಥ ಹೊಸ ಬಗೆಯವನ್ನು ಆಸ್ಪಿರಿನ್ ಜೊತೆ ಸೇವಿಸಿದರೆ ರಕ್ತಸ್ರಾವದ ಸಂಭವ ತುಸು ಹೆಚ್ಚು.