ಬಿಳುಪು ಬೂದಿಯಾಗುವ ಬಗೆ

ಛಾಯಾಗ್ರಹಣವೆಂಬ ನಮ್ಮ ಶಬ್ದದಲ್ಲಿ ನೆರಳು ಮುಂದಾಗಿದೆ; ಗ್ರೀಕ್ ಮೂಲದ ಫೋಟೋಗ್ರಫಿ ಎಂಬುದಕ್ಕಾದರೋ ಬೆಳಕಿನ ಬರಹವೆಂದರ್ಥ. ಎರಡೂ ಸಾರ್ಥಕವೆಂಬುದನ್ನು ಡಿಜಿಟಲ್ ಕ್ಯಾಮರಾ ಹಿಡಿದ ಹವ್ಯಾಸಿಯು ತನ್ನ ಮನೆಯ ಕಿಟಕಿಯ ಬಳಿಯೇ ಕಂಡುಕೊಳ್ಳಬಲ್ಲನು.

ಕ್ಯಾಮರಾವನ್ನು ಸ್ವಯಂಚಾಲಿತ ಸ್ಥಿತಿಯಲ್ಲಿರಿಸಿ, ಚೌಕಟ್ಟು ತುಂಬುವಂತೆ ಬಿಳಿಯ ಪಂಚೆಯೊಂದನ್ನು ಹರಡಿ ಚಿತ್ರ ತೆಗೆಯಲಿ; ಬಳಿಕ ಅದೇ ಬೆಳಕಿನಲ್ಲಿ ಕರಿಯ ಕಂಬಳಿಯನ್ನು. ಸೋಜಿಗವೆಂದರೆ, ಎರಡೂ ಬಹುಮಟ್ಟಿಗೆ ಬೂದುಬಣ್ಣಕ್ಕೆ ತಿರುಗಿರುತ್ತವೆ! ಯಂತ್ರದ ಮಾಪಕವು ವಸ್ತುವನ್ನರಿಯದು. ಅದರಿಂದ ಮರಳಿ ಬಂದ ಬೆಳಕನ್ನಷ್ಟೇ ಅಳೆಯುವುದು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸುವ ನಡುಬೂದಿಯೇ ಎದುರಿಗಿದೆಯೆಂದು ಬಗೆದು, ಬಿಳುಪನ್ನು ಕುಂದಿಸುತ್ತದೆ, ಕಪ್ಪನ್ನು ಬೆಳಗಿಸುತ್ತದೆ. ಆದುದರಿಂದ ಬಿಳಿಯ ವಸ್ತುವಿಗೆ ಬೆಳಕನ್ನು ಕೂಡಿಸಬೇಕು, ಕರಿಯದಕ್ಕೆ ಕಳೆಯಬೇಕು. ಕೇಳಲು ವಿಪರೀತವೆನಿಸಿದರೂ ಲೆಕ್ಕ ಸರಿಯೇ. ಕ್ಯಾಮರಾದ ಕೂಡು-ಕಳೆ ಗುರುತಿನಲ್ಲಿ ಒಂದು ಮೆಟ್ಟಿಲೇರಿದರೆ ಬೆಳಕು ಇಮ್ಮಡಿ, ಎರಡೇರಿದರೆ ನಾಲ್ಮಡಿ.

ಮಿತಿಯೂ ಉಂಟು. ಸಂವೇದಕದ ಕಣಗಳು ಬೆಳಕಿನಿಂದ ತುಂಬಿ ತುಳುಕಿದರೆ ಪಂಚೆಯ ನೂಲು, ಮಡಿಕೆಗಳೆಲ್ಲ ಅಳಿಸಿಹೋಗುವುವು. ಅವನ್ನು ಮರಳಿ ಪಡೆಯುವ ಉಪಾಯವಿಲ್ಲ. ನೆರಳಿನಲ್ಲಿ ಅಡಗಿದ್ದನ್ನು ಮುಂದೆ ಸ್ವಲ್ಪ ಎತ್ತಬಹುದು, ಕಾಳುಕಾಳಾದರೂ. 36 ಚಿತ್ರಗಳ ಸುರುಳಿ ತೊಳೆದು ಬರುವವರೆಗೆ ಕಾಯುತ್ತಿದ್ದ ಕಾಲದಲ್ಲಿ ಈ ಪಾಠ ದುಬಾರಿಯಾಗಿತ್ತು. ಈಗ ತಪ್ಪು ತತ್‌ಕ್ಷಣ ಪರದೆಯ ಮೇಲಿರುತ್ತದೆ.

ಕಿಟಕಿಗೆ ಬೆನ್ನಾಗಿ ಕುಳಿತ ಅಜ್ಜಿಯ ಮುಖ ಚಿತ್ರದಲ್ಲಿ ಕಪ್ಪಾಗುವುದೂ ಈ ಮಾಪಕದ ಭ್ರಮೆಯಿಂದಲೇ. ಆಗ ಗುಂಡಿಯನ್ನು ತಿರುಗಿಸುವುದಕ್ಕಿಂತ ಅಜ್ಜಿಯನ್ನು ಕಿಟಕಿಗೆ ಪಕ್ಕವಾಗಿ ಕುಳ್ಳಿರಿಸುವುದು ಮೇಲು. ಇನ್ನೊಂದು ಕೆನ್ನೆಯ ನೆರಳಿಗೆ, ಮೊದಲಿನ ಆ ಬಿಳಿಯ ಪಂಚೆಯನ್ನೇ ಎದುರು ಹಿಡಿದರಾಯಿತು.